ಕಣ ಇಕ್ಕಟ್ಟು, ಹಗೇವು ಖಾಲಿ

ಕಮಲಾಪುರದಲ್ಲಿರುವ ನನ್ನ ತಂಗಿಯ ಮಗಳು ಪದವಿ ವಿದ್ಯಾರ್ಥಿನಿ. ಅಣ್ಣನಿಂದ ಬಂದ ಅವಳ ಲ್ಯಾಪ್‌ಟಾಪ್ ಕಳೆದ ತಿಂಗಳು ‘ಮೆಮೊರಿ ಸಾಲದು’ ಎಂದು ಪದೇ ಪದೇ ತಕರಾರು ತೆಗೆಯತೊಡಗಿತು. ಅವಳು ಮಾಡಿದ ಮೊದಲ ಕೆಲಸವೆಂದರೆ ಮನೆಯ ಮದುವೆಯ ಫೋಟೊಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಬರಿದು ಮಾಡಿದ್ದು. ಯಂತ್ರ ಸುಧಾರಿಸಲಿಲ್ಲ, ಫೋಟೊಗಳೂ ಮರಳಲಿಲ್ಲ. ಬಸ್ಸು ಹತ್ತಿ ಕಲಬುರಗಿಯ ಅಂಗಡಿಯೊಂದಕ್ಕೆ ತಂದರೆ, ಬಿಚ್ಚಿಯೂ ನೋಡದೆ ‘ಭಾಳ ಹಳೇದಾಗ್ಯಾದ, ಹೊಸಾದು ತಗೋರಿ’ ಎಂಬ ಉತ್ತರ ಸಿಕ್ಕಿತು. ಸಂಜೆ ಅದು ನನ್ನ ಮನೆಗೆ ಬಂತು.

ಮೆಮೊರಿ ಎಂಬ ಒಂದೇ ಪದಕ್ಕೆ ನಾವು ಎರಡು ಅರ್ಥ ಹಚ್ಚಿಕೊಂಡಿರುವುದೇ ಈ ಗೊಂದಲದ ಮೂಲ. ಫೋಟೊಗಳಿರುವ ಡಿಸ್ಕ್ ಜೋಳ ತುಂಬಿಡುವ ಹಗೇವಿದ್ದಂತೆ. ರ್‍ಯಾಮ್ ರಾಶಿ ಮಾಡುವ ಕಣ. ಕಣ ಇಕ್ಕಟ್ಟಾದಾಗ ವಿಂಡೋಸ್ ಅರ್ಧ ಮಾಡಿದ ರಾಶಿಯನ್ನು ಹಗೇವಿಗೆ ಸಾಗಿಸಿ, ಬೇಕಾದಾಗ ಮತ್ತೆ ಹೊರತೆಗೆಯುತ್ತದೆ. ಡಿಸ್ಕ್ ಪೂರ್ತಿ ತುಂಬಿದ್ದರೆ ಅದಕ್ಕೂ ಎಡೆಯಿರುವುದಿಲ್ಲ, ನಿಜ. ಆದರೆ ಅವಳ ಡಿಸ್ಕ್ ಅರ್ಧದಷ್ಟು ಖಾಲಿಯಿತ್ತು. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈ ಸಾಗಾಟವೇ ಯಂತ್ರವನ್ನು ಹೈರಾಣಾಗಿಸುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. 4 ಜಿಬಿ ರ್‍ಯಾಮಿನಲ್ಲಿ ಶೇ 93 ಭರ್ತಿಯಾಗಿತ್ತು. ಬ್ರೌಸರಿನಲ್ಲಿ 20ಕ್ಕೂ ಹೆಚ್ಚು ಟ್ಯಾಬುಗಳು. ಜೊತೆಗೆ ಯಂತ್ರದೊಂದಿಗೇ ಎದ್ದು ಕೂರುವ, ಯಾರೂ ಕರೆಯದ ನಾಲ್ಕು ತಂತ್ರಾಂಶಗಳು. ಅವನ್ನು ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿ ರಿಸ್ಟಾರ್ಟ್ ಮಾಡಿದೆ. (ಬರಿಯ ಶಟ್‌ಡೌನ್ ಸಾಲದು, ಫಾಸ್ಟ್ ಸ್ಟಾರ್ಟ್‌ಅಪ್ ಇರುವಲ್ಲಿ ವಿಂಡೋಸ್ ತನ್ನ ಒಳಸ್ಥಿತಿಯನ್ನು ಕಾದಿಟ್ಟುಕೊಂಡೇ ಮಲಗುತ್ತದೆ.) ಭರ್ತಿ ಶೇ 60ರ ಆಸುಪಾಸಿಗೆ ಇಳಿಯಿತು. ಎರಡು ರ್‍ಯಾಮ್ ಖಾನೆಗಳಲ್ಲಿ ಒಂದು ಖಾಲಿಯಿರುವುದನ್ನೂ ಅದೇ ಪುಟ ತೋರಿಸಿತು. ಅಲ್ಲಿಗೆ ಇನ್ನೊಂದು 4 ಜಿಬಿ ಹಾಕಿಸಿದೆವು. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರಿದ್ದರಿಂದ ಅದೇನೂ ಅಗ್ಗವಾಗಲಿಲ್ಲ. ಆದರೂ ಹೊಸ ಲ್ಯಾಪ್‌ಟಾಪಿನ ಮುಂದೆ ಆ ಖರ್ಚು ಲೆಕ್ಕಕ್ಕಿಲ್ಲ.

‘ಮಾಮಾ, ಇದನ್ನ ನಮಗ ಕಾಲೇಜಿನ್ಯಾಗ ಯಾರೂ ಹೇಳೇ ಇಲ್ಲ’ ಎಂದಳು ಹುಡುಗಿ. ನನ್ನ ಆಕ್ಷೇಪವೂ ಇದೇ. 2019–20ನೇ ಸಾಲಿನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡಲು ಮುಂದಾಯಿತು, ಮೆಚ್ಚತಕ್ಕ ಕ್ರಮ. ಅದರ ಬೆನ್ನಿಗೇ ಒಂದು ಮಧ್ಯಾಹ್ನದ ಪಾಠವೂ ಇರಬೇಕಿತ್ತು. ಇನ್ನು ಮುಂದಿನ ಖರೀದಿಗಳಲ್ಲಿ, ರ್‍ಯಾಮನ್ನು ಬೋರ್ಡಿಗೇ ಬೆಸೆದು ಹೆಚ್ಚಿಸಲು ಖಾನೆಯನ್ನೇ ಬಿಡದ ಮಾದರಿಗಳನ್ನು ಟೆಂಡರಿನಲ್ಲೇ ತಳ್ಳಿಹಾಕಬೇಕು. ಬೆಂಗಳೂರಿನವರಿಗೆ ಯಂತ್ರ ಬದಲಿಸುವುದು ಸಣ್ಣ ಮಾತಿರಬಹುದು. ಕಮಲಾಪುರದ ಮನೆಯಲ್ಲಿ ಅದು ಮುಂದಿನ ವರ್ಷದ ಶುಲ್ಕ.