ಅಚ್ಚಿನಲ್ಲಿ ಮೂಡುವ ನೆಲ

ಆಟವೆಂದರೆ ಕಾಲಹರಣವೆಂಬ ಭಾವನೆ ಹಿರಿಯರಲ್ಲಿ ಬಲವಾಗಿ ಬೇರೂರಿದೆ. ಆದರೆ ಆಟದ ಸಲಕರಣೆಯನ್ನು ತಾನೇ ನಿರ್ಮಿಸಿಕೊಳ್ಳುವ ಬಾಲಕನು ಆಡುವ ಮುನ್ನವೇ ಬಹಳಷ್ಟನ್ನು ಕಲಿತಿರುತ್ತಾನೆ. ಪ್ಲಾಸ್ಟರಿನ ತುಂಡುಗಳನ್ನು ಎರಕ ಹೊಯ್ದು ಮೇಜಿನ ಮೇಲೆ ಆಟದ ನೆಲವನ್ನು ಕಟ್ಟುವ ಹವ್ಯಾಸವು ಇದಕ್ಕೆ ಉತ್ತಮ ನಿದರ್ಶನ.

ಇದರ ಮೂಲ ಪ್ರಷ್ಯಾದಲ್ಲಿದೆ. 1812ರಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿಯು ದೊರೆ ಮೂರನೆಯ ಫ್ರೆಡರಿಕ್ ವಿಲಿಯಮ್‌ನಿಗೆ ಯುದ್ಧದಾಟದ ಮೇಜೊಂದನ್ನು ಒಪ್ಪಿಸಿದನು. ಮೂರು-ನಾಲ್ಕು ಅಂಗುಲದ ಪ್ಲಾಸ್ಟರ್ ಬಿಲ್ಲೆಗಳ ಮೇಲೆ ದಾರಿ, ಹಳ್ಳಿ, ತೊರೆ, ಜೌಗುಗಳನ್ನು ಬಣ್ಣದಿಂದ ತೋರಿಸಲಾಗಿತ್ತು. ಅವುಗಳನ್ನು ಬದಲಿಸಿ ಜೋಡಿಸಿದರೆ ಹೊಸದೊಂದು ನಾಡೇ ಮೂಡುತ್ತಿತ್ತು. 1824ರಲ್ಲಿ ಆತನ ಮಗ ಅದನ್ನು ನಕ್ಷೆಯ ಮೇಲಿನ ಆಟವಾಗಿ ಪರಿಷ್ಕರಿಸಿದನು. ಸೈನ್ಯವು ಅಧಿಕಾರಿಗಳ ಶಿಕ್ಷಣಕ್ಕೆ ಅದನ್ನು ಬಳಸಿಕೊಂಡಿತು. ಮುಂದೆ ಅಮೆರಿಕದ ಹರ್ಸ್ಟ್ ಆರ್ಟ್ಸ್‌ನಂಥ ಸಂಸ್ಥೆಗಳ ರಬ್ಬರ್ ಅಚ್ಚುಗಳಿಂದ ಪುಟ್ಟ ಇಟ್ಟಿಗೆ, ಕಮಾನು, ಕಂಬಗಳನ್ನು ತೆಗೆದು ಕೋಟೆ ಕಟ್ಟುವ ಹವ್ಯಾಸಿಗಳು ಹುಟ್ಟಿಕೊಂಡರು.

ಈ ಕೆಲಸದಲ್ಲಿ ಅಡಗಿರುವ ವಿಜ್ಞಾನ ಅಲ್ಪವಲ್ಲ. ಜಿಪ್ಸಂ ಕಲ್ಲನ್ನು ಕಾಯಿಸಿದಾಗ ಅದರೊಳಗಿನ ನೀರಿನ ಬಹುಭಾಗ ಹೊರಟುಹೋಗಿ ಪ್ಲಾಸ್ಟರ್ ಪುಡಿಯಾಗುತ್ತದೆ. ನೀರು ಬೆರೆತೊಡನೆ ಅದು ಮತ್ತೆ ಕಲ್ಲಾಗುತ್ತದೆ. ಗಟ್ಟಿಯಾಗುವಾಗ ತುಸು ಹಿಗ್ಗುವುದರಿಂದಲೇ ಅಚ್ಚಿನ ಸೂಕ್ಷ್ಮ ಗೆರೆಗಳೂ ಮೂಡುತ್ತವೆ. ನೀರಿಗೆ ಪುಡಿಯನ್ನು ಉದುರಿಸಬೇಕು, ಪುಡಿಗೆ ನೀರನ್ನು ಸುರಿಯಬಾರದು. ನೀರು ಹೆಚ್ಚಾದರೆ ತುಂಡು ದುರ್ಬಲವಾಗುತ್ತದೆ, ಅಚ್ಚನ್ನು ತಟ್ಟದಿದ್ದರೆ ಗಾಳಿಗುಳ್ಳೆ ಉಳಿಯುತ್ತದೆ. ಅವಸರಪಟ್ಟವನ ಇಟ್ಟಿಗೆ ಅವನ ಕೈಯಲ್ಲೇ ಮುರಿಯುತ್ತದೆ. ಇದಕ್ಕಿಂತ ನಿಷ್ಪಕ್ಷಪಾತಿಯಾದ ಪರೀಕ್ಷಕನು ಯಾವ ಶಾಲೆಯಲ್ಲಿದ್ದಾನೆ?

ಯುದ್ಧದಾಟವು ಎಳೆಯ ಮನಸ್ಸಿನಲ್ಲಿ ಹಿಂಸೆಯನ್ನು ಬಿತ್ತದೇ ಎಂಬ ಆಕ್ಷೇಪಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಪ್ರಷ್ಯಾದ ಆಟ ನಿಜವಾದ ಸೇನಾನಿಗಳನ್ನೇ ತಯಾರಿಸಿತು. ಆದರೆ 1913ರಲ್ಲಿ ಆಟಿಕೆ ಸೈನಿಕರ ಕಾಳಗಕ್ಕೆ ನಿಯಮಗ್ರಂಥ ಬರೆದ ಇಂಗ್ಲೆಂಡಿನ ಎಚ್. ಜಿ. ವೆಲ್ಸ್, ಇಂಥ ಆಟವಾಡಿದವನಿಗೆ ನಿಜವಾದ ಯುದ್ಧದ ಅವಿವೇಕ ಮನದಟ್ಟಾಗುವುದೆಂದು ವಾದಿಸಿದನು. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಪುಸ್ತಕ ಅದನ್ನು ತಡೆಯಲಿಲ್ಲ. ಆದುದರಿಂದ ಆಟಕ್ಕೆ ತನ್ನಷ್ಟಕ್ಕೆ ತಾನೇ ಗುಣವೂ ಇಲ್ಲ, ದೋಷವೂ ಇಲ್ಲ. ಮಾರ್ಗದರ್ಶನ ಮಾಡುವ ಗುರುವಿನ ವಿವೇಕವೇ ನಿರ್ಣಾಯಕ. ಅದೇ ಅಚ್ಚಿನಿಂದ ರಣರಂಗವನ್ನೂ ಕಟ್ಟಬಹುದು, ನದೀಕಣಿವೆಯ ಭೂಗೋಳವನ್ನೂ ಕಟ್ಟಬಹುದು.

ಎಚ್ಚರವೂ ಅಗತ್ಯ. ಗಟ್ಟಿಯಾಗುವ ಪ್ಲಾಸ್ಟರಿನ ಬಿಸಿ ಚರ್ಮವನ್ನು ಸುಡಬಲ್ಲದು. ಕೈಯನ್ನು ಅದರಲ್ಲಿ ಹುದುಗಿಸಲೇಬಾರದು. ಇಷ್ಟು ಜಾಗರೂಕತೆಯಿದ್ದರೆ, ಸಿದ್ಧಪಡಿಸಿದ ಆಟಿಕೆಗಳ ರಾಶಿಗಿಂತ ಒಂದು ಅಚ್ಚು, ಒಂದು ಚೀಲ ಪುಡಿ ಶಾಲೆಗೆ ಹೆಚ್ಚಿನ ಕೊಡುಗೆಯಾದೀತು.