ಸೇವಕ ನಾಯಕರೂ ಆಯಾಳ ಸಂಬಳವೂ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹಳ್ಳಿಯ ಮಕ್ಕಳ ಓದಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಅಲ್ಲಿ ಎರಡು ದಿನಗಳ ತರಬೇತಿ ಶಿಬಿರ ನಡೆಯಿತಂತೆ; ವಿಷಯ ‘ಸೇವಕ ನಾಯಕತ್ವ’. ಕಡೆಯ ದಿನ ಮುಖ್ಯಸ್ಥರು ಸೊಂಟಕ್ಕೆ ಟವೆಲು ಬಿಗಿದು ಎಲ್ಲರಿಗೂ ತಾವೇ ಬಡಿಸಿದರಂತೆ. ಫೋಟೋಗಳೂ ಆದವಂತೆ. ಕಾಫಿ ಲೋಟ ಕೆಳಗಿಟ್ಟು ಅವಳು ಹೇಳಿದಳು: “ಸಾರ್, ಎರಡು ತಿಂಗಳಿಂದ ಸಂಬಳವಾಗಿಲ್ಲ. ಕೇಳಿದರೆ, ಸೇವೆಗೆಂದು ಬಂದವರು ದುಡ್ಡಿನ ಮಾತಾಡಬಾರದು ಅನ್ನುತ್ತಾರೆ.”

ಅಂದಿನಿಂದ ನನಗೆ ಈ ಶಬ್ದದ ಮೇಲೆಯೇ ಸಿಟ್ಟು. ಆದರೆ ಶಬ್ದದ ತಪ್ಪಲ್ಲ ಅದು. ಅಮೆರಿಕದ ಎ.ಟಿ. ಅಂಡ್ ಟಿ. ದೂರವಾಣಿ ಕಂಪನಿಯಲ್ಲಿ ಆಯುಷ್ಯದ ಬಹುಭಾಗ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಒಂದು ಪ್ರಬಂಧ ಬರೆದರು. ಈ ವಿಚಾರ ಹೆಸರು ಪಡೆದದ್ದು ಅಲ್ಲಿಂದ. ಹರ್ಮನ್ ಹೆಸ್ಸೆಯ ಕಾದಂಬರಿಯೊಂದು ಅದಕ್ಕೆ ಪ್ರೇರಣೆ. ಅದರಲ್ಲಿ ಯಾತ್ರಿಕರ ಗಂಟುಮೂಟೆ ಹೊರುವ ಲಿಯೋ ಎಂಬ ಆಳು ಒಂದು ದಿನ ಕಾಣೆಯಾಗುತ್ತಾನೆ, ಯಾತ್ರೆಯೇ ಮುರಿದುಬೀಳುತ್ತದೆ. ಆ ಸಂಘದ ಅಧ್ಯಕ್ಷ ಅವನೇ ಎಂಬುದು ಬಹಳ ಕಾಲದ ಮೇಲೆ ತಿಳಿಯುತ್ತದೆ. ನಮ್ಮ ತರಬೇತುದಾರರು ಈ ಕಥೆಯನ್ನು ರಸವತ್ತಾಗಿ ಹೇಳಿ ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಗ್ರೀನ್‌ಲೀಫ್ ನಿಲ್ಲಿಸಲಿಲ್ಲ. ಸೇವೆ ಪಡೆದವರು ಮನುಷ್ಯರಾಗಿ ಬೆಳೆದರೇ, ಮೊದಲಿಗಿಂತ ಹೆಚ್ಚು ಸ್ವತಂತ್ರರಾದರೇ, ಎಲ್ಲಕ್ಕಿಂತ ಕೆಳಗಿರುವವನ ಗತಿ ಏನಾಯಿತು ಎಂಬ ಪರೀಕ್ಷೆಯನ್ನೂ ಅವರು ಒಡ್ಡಿದರು. ಪಾಠವನ್ನು ಉಳಿಸಿಕೊಂಡು ಪರೀಕ್ಷೆಯನ್ನು ರದ್ದುಮಾಡಿದವರು ನಾವು. ಟವೆಲು ಬಿಗಿದು ಒಂದು ಹೊತ್ತು ಬಡಿಸುವುದು ಸುಲಭ. ಹೊತ್ತಿಗೆ ಸರಿಯಾಗಿ ಸಂಬಳ ಕೊಡುವುದು ಕಷ್ಟ. ಅದರ ಫೋಟೋವನ್ನು ಯಾರೂ ತೆಗೆಯುವುದಿಲ್ಲ.

ಗಾಂಧೀಜಿಯವರ ಹೆಸರನ್ನು ಇಂಥ ಶಿಬಿರಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಅವರು ಪೊರಕೆ ಹಿಡಿದು ಪಾಯಿಖಾನೆ ತೊಳೆದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಏಳು ವರ್ಷ ಮೊದಲು, 1894ರಲ್ಲಿ, ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಕಾರ್ಯದರ್ಶಿಯಾಗಿ ಅವರು ಕಾಸುಕಾಸಿಗೂ ರಸೀದಿ ಕೊಟ್ಟು ಲೆಕ್ಕ ಬರೆದದ್ದು ಎಷ್ಟು ಜನಕ್ಕೆ ನೆನಪಿದೆ? ಚೊಕ್ಕ ಲೆಕ್ಕವಿಲ್ಲದೆ ಸಾರ್ವಜನಿಕ ಸಂಸ್ಥೆ ನಡೆಯದು ಎಂಬುದು ಆತ್ಮಕಥೆಯಲ್ಲಿ ಅವರು ಒತ್ತಿ ಹೇಳಿದ ಮಾತು. ಪೊರಕೆಗಿಂತ ಆ ರಸೀದಿ ಪುಸ್ತಕವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಗಾಂಧೀಜಿಯವರನ್ನೂ ನಾನು ಪೂರ್ತಿ ಒಪ್ಪಲಾರೆ. ಯಾರೋ ಕೊಟ್ಟ ನಾಲ್ಕು ರೂಪಾಯಿಗಳನ್ನು ಕಸ್ತೂರಬಾ ಆಶ್ರಮದ ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡರೆಂದು 1929ರಲ್ಲಿ ‘ನವಜೀವನ’ ಪತ್ರಿಕೆಯಲ್ಲಿ ಅವರು ಊರಿಗೆಲ್ಲ ಸಾರಿದರು. ತನ್ನ ಲೆಕ್ಕವನ್ನು ಬಯಲಿಗಿಡುವುದು ಒಂದು. ತನ್ನ ವ್ರತದ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಹೇರುವುದು ಮತ್ತೊಂದು. ತ್ಯಾಗ ಮಾಡುವ ಹಕ್ಕು ನಾಯಕನಿಗಿದೆ, ಇತರರಿಂದ ಅದನ್ನು ವಸೂಲು ಮಾಡುವ ಹಕ್ಕಿಲ್ಲ. ಇಂದಿನ ಸೇವಾಸಂಸ್ಥೆಗಳ ಹಿರಿಯರು ಮಹಾತ್ಮರಿಂದ ಕಲಿತಿರುವುದು, ದುರದೃಷ್ಟವಶಾತ್, ಈ ಎರಡನೆಯದನ್ನೇ.

ಇಷ್ಟೆಲ್ಲ ಬರೆಯುವ ಯೋಗ್ಯತೆ ನನಗಿದೆಯೇ? ನಿವೃತ್ತಿಯ ನಂತರ ಒಂದು ವಿದ್ಯಾರ್ಥಿನಿಲಯದ ಆಡಳಿತ ಸಮಿತಿಯಲ್ಲಿ ನಾನೂ ಇದ್ದೆ. ವಾರ್ಷಿಕೋತ್ಸವದೊಳಗೆ ಕಾಂಪೌಂಡ್ ಗೋಡೆ ಮುಗಿಯಬೇಕಿತ್ತು, ಹಣ ಸಾಲದು. ಅಡುಗೆಯ ಆಯಾಳ ಮೂರು ತಿಂಗಳ ಸಂಬಳವನ್ನು ಮುಂದೂಡಲಾಯಿತು. ‘ಸೇವಾಮನೋಭಾವದಿಂದ ಒಪ್ಪಿರುತ್ತಾರೆ’ ಎಂದು ನಡವಳಿಯ ಪುಸ್ತಕದಲ್ಲಿ ದಾಖಲಾಯಿತು. ಆಕೆ ಸಭೆಯಲ್ಲಿರಲಿಲ್ಲ, ಯಾರೂ ಆಕೆಯನ್ನು ಕೇಳಿರಲಿಲ್ಲ. ಕನ್ನಡ ಮೇಷ್ಟ್ರು, ಚೆನ್ನಾಗಿ ಬರೆಯುತ್ತಾರೆಂದು ಆ ವಾಕ್ಯವನ್ನು ನನ್ನಿಂದಲೇ ಬರೆಸಿದರು. ಬರೆದು ರುಜುವನ್ನೂ ಹಾಕಿದೆ. ಆಕೆ ಕಿವಿಯ ಓಲೆ ಅಡವಿಟ್ಟು ಮಗನ ಶುಲ್ಕ ಕಟ್ಟಿದ ಸಂಗತಿ ನನಗೆ ತಿಳಿದದ್ದು ಗೋಡೆಗೆ ಸುಣ್ಣ ಬಳಿದ ಮೇಲೆ.

ಅನಂತರ ಯಾರೂ ಜಗಳವಾಡಲಿಲ್ಲ. ಸಿಬ್ಬಂದಿಯ ಸಭೆಗಳು ಮಾತ್ರ ಬಹಳ ಬೇಗ ಮುಗಿಯತೊಡಗಿದವು. ಏನು ಹೇಳಿದರೂ “ಸರಿ ಸಾರ್”. ಅದನ್ನು ನಾವು ಒಗ್ಗಟ್ಟೆಂದು ತಿಳಿದೆವು. ತರಗತಿಯ ಮೌನವನ್ನು ಶಿಸ್ತೆಂದು ಭ್ರಮಿಸಬೇಡಿ ಎಂದು ಬಿ.ಎಡ್. ಓದುವಾಗಲೇ ನಮಗೆ ಕಲಿಸಿದ್ದರು. ಅಷ್ಟು ವರ್ಷ ಪಾಠ ಹೇಳಿದ ನನಗೆ ಅದು ಹೊಳೆಯಲಿಲ್ಲ. ವರ್ಷದೊಳಗೆ ಮೂವರು ಕೆಲಸ ಬಿಟ್ಟರು. ಕಾರಣವಾಗಿ ಮೂವರೂ ‘ವೈಯಕ್ತಿಕ’ ಎಂದು ಬರೆದರು.

ಅನುದಾನ ಬರುವುದು ತಡವಾಗುತ್ತದೆ, ನಾವೇನು ಮಾಡೋಣ ಎಂದು ಪದಾಧಿಕಾರಿಗಳು ಕೇಳಬಹುದು. ನಿಜ. ದಾನಿಗಳು ಯೋಜನೆಗೆ ಕೊಡುತ್ತಾರೆ, ಯೋಜನೆ ನಡೆಸುವವರ ಹೊಟ್ಟೆಗೆ ಕೊಡಲು ಹಿಂಜರಿಯುತ್ತಾರೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಕಷ್ಟವಿದೆ, ಅಲ್ಲಗಳೆಯುವುದಿಲ್ಲ. ಹಾಗಿದ್ದರೆ ಖಜಾನೆಯಲ್ಲಿ ಇಷ್ಟೇ ಇದೆ ಎಂದು ಆಯಾಳಿಗೂ ಗೊತ್ತಾಗುವಂತೆ ಹೇಳಿ. ಕಡಿತವನ್ನು ಮುಖ್ಯಸ್ಥರ ಭತ್ಯೆಯಿಂದ ಆರಂಭಿಸಿ. ಒಪ್ಪದವರಿಗೆ ‘ಇಲ್ಲ’ ಎನ್ನುವ ಅವಕಾಶ ಕೊಡಿ. ಕೆಟ್ಟ ಸುದ್ದಿಯನ್ನು ನಾಯಕನ ಬಾಯಿಂದಲೇ ಮೊದಲು ಕೇಳಿದ ತಂಡ ಅರ್ಧ ಸಂಬಳದಲ್ಲೂ ನಿಲ್ಲುತ್ತದೆ. ಮುಚ್ಚಿಟ್ಟದ್ದು ಮೂರನೆಯವರಿಂದ ತಿಳಿದರೆ ಪೂರ್ತಿ ಸಂಬಳ ಕೊಟ್ಟರೂ ನಿಲ್ಲುವುದಿಲ್ಲ.

ನನ್ನ ಕೈಯಲ್ಲಿ ಕಲಿತವರಲ್ಲಿ ಹಲವರು ಈಗ ಟ್ರಸ್ಟುಗಳಲ್ಲಿ, ಸಂಘಗಳಲ್ಲಿ ಪದಾಧಿಕಾರಿಗಳಾಗಿದ್ದೀರೆಂದು ಬಲ್ಲೆ. ಮುಂದಿನ ಸಭೆಯಲ್ಲಿ, ವರದಿ ಓದುವುದಕ್ಕೆ ಮೊದಲು, ಕಸ ಗುಡಿಸುವವರ ಕಳೆದ ತಿಂಗಳ ಸಂಬಳ ಯಾವ ತಾರೀಖಿಗೆ ಅವರ ಕೈ ಸೇರಿತೆಂದು ಕೇಳಿ ನೋಡಿ. ಉತ್ತರಕ್ಕಾಗಿ ಗುಮಾಸ್ತರನ್ನು ಕರೆಸಬೇಕಾಗಿ ಬಂದರೆ ನನಗೊಂದು ಪತ್ರ ಬರೆಯಿರಿ.