ಸುಸ್ತಿಗೆ ಕ್ಯೂ-10 ಗುಳಿಗೆ: ಯಾರಿಗೆ, ಯಾಕೆ?

ಏಪ್ರಿಲ್ ಬಂತೆಂದರೆ ಕಲಬುರಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ಔಷಧಿ ಅಂಗಡಿಯಲ್ಲಿ ‘ಅಣ್ಣಾರ, ಭಾಳ ಸುಸ್ತ್ ಆಗ್ಲಿಕತ್ತದ, ಏನರೆ ಶಕ್ತಿ ಗುಳಿಗಿ ಕೊಡ್ರಿ’ ಅನ್ನುವವರಿಗೆ ಈಗ ಗ್ಲೂಕೋಸ್ ಪುಡಿ, ಬಿ-ಕಾಂಪ್ಲೆಕ್ಸ್ ಜೊತೆ ಕೋಎನ್‌ಜೈಮ್ ಕ್ಯೂ-10 ಕೂಡ ಸಿಗುತ್ತದೆ.

ಅದರ ಪರ ವಾದ ಟೊಳ್ಳಲ್ಲ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ಮತ್ತು ಸಂಗಡಿಗರು ದನದ ಹೃದಯದಿಂದ ಇದನ್ನು ಬೇರ್ಪಡಿಸಿದರು. ಉಂಡ ರೊಟ್ಟಿ ಜೀವಕೋಶದೊಳಗೆ ಶಕ್ತಿಯಾಗುವಾಗ ಎಲೆಕ್ಟ್ರಾನುಗಳನ್ನು ಮುಂದಕ್ಕೆ ಸಾಗಿಸುವುದು ಇದೇ. ಕೊಲೆಸ್ಟ್ರಾಲಿಗೆ ಸ್ಟಾಟಿನ್ ತೆಗೆದುಕೊಳ್ಳುವವರ ರಕ್ತದಲ್ಲಿ ಇದರ ಮಟ್ಟ ತಗ್ಗುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೃದಯ ವೈಫಲ್ಯದ 420 ರೋಗಿಗಳಿದ್ದರು. ಎರಡು ವರ್ಷ ದಿನಕ್ಕೆ 300 ಮಿಲಿಗ್ರಾಂ ಪಡೆದವರಲ್ಲಿ ಹೃದಯದ ಗಂಭೀರ ತೊಂದರೆ, ಸಾವು ಎರಡೂ ಹುಸಿ ಗುಳಿಗೆ ನುಂಗಿದವರಿಗಿಂತ ಕಡಿಮೆ ಇದ್ದವು.

ಆದರೆ ಅವರು ಚಿಕಿತ್ಸೆಯಲ್ಲಿದ್ದ ರೋಗಿಗಳು. ಗಟ್ಟಿಮುಟ್ಟಾದ ದೇಹ ತನಗೆ ಬೇಕಾದ ಕ್ಯೂ-10 ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ದಿನನಿತ್ಯದ ಆಯಾಸದ ಮೇಲೆ ನಡೆದ ಪ್ರಯೋಗಗಳು ಬಹುತೇಕ ಚಿಕ್ಕವು. ಕೆಲವು ಅಲ್ಪ ಲಾಭ ತೋರಿದರೆ ಕೆಲವು ಏನೂ ತೋರಿಲ್ಲ. ಸ್ಟಾಟಿನ್‌ನಿಂದ ಬರುವ ಮೈಕೈ ನೋವಿನ ವಿಷಯದಲ್ಲೂ ಇದೇ ಗೊಂದಲ.

ಕಮಲಾಪುರದ ಕೆಂಪು ಬಾಳೆ ತೋಟದಲ್ಲಿ ದಿನವಿಡೀ ದುಡಿಯುವ ಹೆಣ್ಣುಮಗಳು ಸುಸ್ತು ಎಂದರೆ ನನಗೆ ಮೊದಲು ನೆನಪಾಗುವುದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿದೆ. ಅವರಿಗೆ ಬೇಕಾದದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಕಬ್ಬಿಣದ ಗುಳಿಗೆ. ನೂರಾರು ರೂಪಾಯಿಯ ಕ್ಯೂ-10 ಆ ಕೊರತೆ ತುಂಬುವುದಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ-12 ಕೊರತೆ, ನಿದ್ದೆಗೇಡು, ಬೆವರಿ ಬತ್ತಿದ ಮೈ, ಇವುಗಳ ಸುಸ್ತೂ ಅಷ್ಟೇ.

ಊಟದಿಂದಲೇ ಪಡೆಯೋಣ ಎನ್ನುವವರಿಗೂ ಒಂದು ಮಾತು. ಶೇಂಗಾದಲ್ಲಿ ಕ್ಯೂ-10 ಇದೆ ನಿಜ, ಆದರೆ ನೂರು ಗ್ರಾಮಿಗೆ ಕೆಲವೇ ಮಿಲಿಗ್ರಾಂ. ಎಷ್ಟೇ ಶೇಂಗಾ ಹಿಂಡಿ ಹಚ್ಚಿ ರೊಟ್ಟಿ ತಿಂದರೂ ಗುಳಿಗೆಯ 100 ಮಿಲಿಗ್ರಾಂ ಮುಟ್ಟುವುದು ಕನಸು. ಹಾಗೆ ಮುಟ್ಟಬೇಕೆಂದೂ ಇಲ್ಲ.

ಇಷ್ಟೆಲ್ಲ ತೂಗಿದರೆ ನನ್ನ ಒಲವು ರಕ್ತ ಪರೀಕ್ಷೆಯ ಕಡೆಗೇ. ಅದರಲ್ಲಿ ಏನೂ ಸಿಗದೆ, ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದು, ಖರ್ಚೂ ಭಾರವಾಗದಿದ್ದರೆ ವೈದ್ಯರನ್ನು ಕೇಳಿ ಕೆಲವು ವಾರ ನೋಡಬಹುದು. ಇದರಿಂದ ದೊಡ್ಡ ಅಪಾಯ ಕಂಡುಬಂದಿಲ್ಲ. ಎಣ್ಣೆ-ತುಪ್ಪದ ಅಂಶವಿರುವ ಊಟದ ಜೊತೆ ನುಂಗಿದರೆ ಮೈಗೆ ಹತ್ತುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ಆ ಔಷಧದ ಪ್ರಭಾವ ತಗ್ಗೀತು; ಅವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.